ಕರೀ ಮಣ್ಣಿನ ಕಾಲು

ನನ್ನ ಅಕ್ಕ ನೀರಿನಲ್ಲಿ ಅಂಗಾತ ಮಲಗಿ ಮಾತಾಡುತ್ತಿದ್ದಳು. ಮಸೂತಿ ಊರಿನ ನಮ್ಮ ಹೊಲದ ಬಾವಿಯಲ್ಲಿ ಎರಡೂ ಕೈ ಚಾಚಿ, ಕಿವಿಗಳನ್ನು ನೀರಿಗೆ ಕೊಟ್ಟು, ಬಾವಿಯ ಬಾಯಿಯಷ್ಟೇ ಅಗಲದ ಆಕಾಶವನ್ನು ನೋಡುತ್ತ ತೇಲುತ್ತಿದ್ದಳು. ಕಿವಿ ನೀರೊಳಗಿರುತ್ತಿದ್ದುದರಿಂದ ನಾವು ಹೇಳಿದ್ದು ಅವಳಿಗೆ ಕೇಳುತ್ತಿರಲಿಲ್ಲ. ಅವಳು ಹೇಳಿದ್ದು ಮಾತ್ರ ಕಲ್ಲಿನ ಗೋಡೆಗೆ ತಾಗಿ ನಮಗೆ ಎರಡೆರಡು ಸಲ ಕೇಳುತ್ತಿತ್ತು. ಅವಳನ್ನು ನೆನೆದರೆ ಮೊದಲು ಬರುವುದು ಆ ದನಿ. ಮುಖ ಆಮೇಲೆ ಬರುತ್ತದೆ.

ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ಮಣ್ಣು ಮಾಡುವ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ಕಡೆಯಿಂದ ಅವಳ ಹಳೆಯ ವಿದ್ಯಾರ್ಥಿನಿಯರು ಬಂದಿದ್ದರು. ಆ ಮೂರೂ ಊರುಗಳ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವರ್ಗವಾದಂತೆಲ್ಲ ಅವಳು ಆಟ ಕಲಿಸಿದವಳು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಹೀಗಾಗಿ ನನಗೊಬ್ಬನಿಗೆ ಅಕ್ಕ, ಉಳಿದವರಿಗೆಲ್ಲ ಅಕ್ಕೋರು. ಅಂಗಳದಲ್ಲಿ ಕೂತ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅವಳ ಮಾತುಗಳನ್ನು ನೆನೆದರು. ಇಂಡಿಯವಳೊಬ್ಬಳು ಕಣ್ಣೊರೆಸಿಕೊಳ್ಳುತ್ತ, "ನಮ್ಮವು ಕರೀ ಮಣ್ಣಿನ ಕಾಲು ನೋಡ್ರವ್ವಾ, ಏರು ಏರಾಕ ಹುಟ್ಟಿದ್ದಲ್ಲ ಅಂತಿದ್ರು" ಎಂದಳು. ಅಳುತ್ತಿದ್ದವರೂ ನಕ್ಕರು. ನಾನು ಎದ್ದು ಮನೆಯ ಹಿಂದಕ್ಕೆ ಹೋದೆ.

ಆ ಮಾತು ಅಕ್ಕನ ಬಾಯಿಗೆ ಬಂದದ್ದು ನನ್ನಿಂದ. ಅದು ಸುಳ್ಳು. ಸುಳ್ಳೆಂದು ಬಹಳ ವರ್ಷ ಗೊತ್ತಿದ್ದವನು ನಾನೊಬ್ಬನೇ. ನಡುವಯಸ್ಸಿನಲ್ಲಿ ಅವಳು ಒಂದು ಗುಡ್ಡದ ಸ್ಪರ್ಧೆಗೆ ಹೋಗಿ ಅರ್ಧಕ್ಕೆ ಉಳಿದಳು, ತನ್ನ ಕಾಲು ಸೋತವೆಂದು ನಂಬಿದಳು. ಸೋತದ್ದು ಕಾಲಲ್ಲ. ಅದನ್ನೇ ಬರೆಯಲು ಕೂತಿದ್ದೇನೆ. ಏಳನೇ ತರಗತಿ ಮುಗಿಯುವ ಮೊದಲೇ ಸಾಲಿ ಬಿಟ್ಟವನು ನಾನು. ಮಗಳು ಕಾಗುಣಿತ ತಿದ್ದಿಕೊಟ್ಟಿದ್ದಾಳೆ, ಬೇರೇನನ್ನೂ ತಿದ್ದಬೇಡ ಎಂದಿದ್ದೇನೆ.

ಅಕ್ಕನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ಇರುತ್ತಿತ್ತು. ಮದುವೆಗೆ ಹೋದರೂ ಸೆರಗಿನೊಳಗೆ ಸೀಟಿ. ನನ್ನ ಮದುವೆಯ ಊಟಕ್ಕೆ ನೂಕುನುಗ್ಗಲಾದಾಗ ಅದನ್ನು ತೆಗೆದು ಊದಿಯೇಬಿಟ್ಟಳು. ಬೀಗರು ಎಲೆ ಬಿಟ್ಟು ಸಾಲಾಗಿ ನಿಂತರು. ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ, "ನಮ್ಮಪ್ಪ ಪೊಲೀಸರಿಗೂ ಅಷ್ಟ ಅಂಜಿರಲಿಲ್ಲ."

ಸೈಕಲ್ ಹತ್ತುವ ಮುಂಚೆ ಸೀಟಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದಳು, ಎತ್ತಿನ ಬೆನ್ನು ತಟ್ಟುವ ಹಾಗೆ. ಯಾಕೆಂದು ಕೇಳಿದರೆ, "ಹೇಳದ ಹತ್ತಿದ್ರ ಅದಕ್ಕೂ ಬ್ಯಾಸರ ಆಗೂದಿಲ್ಲೇನೋ?" ಎನ್ನುತ್ತಿದ್ದಳು. ಬೇಸಿಗೆ ರಜೆಯಲ್ಲಿ ಊರಿನ ಹುಡುಗಿಯರ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ಬಾವಿಗಿಳಿಸಿ ಈಜು ಕಲಿಸುತ್ತಿದ್ದಳು. ತಾಯಂದಿರು ಮೇಲೆ ನಿಂತು ಬೈಯುತ್ತಿದ್ದರು. ಅಕ್ಕ ಕಿವಿ ನೀರೊಳಗಿಟ್ಟು ತೇಲುತ್ತ, "ಕೇಳವಲ್ದು" ಎನ್ನುತ್ತಿದ್ದಳು.

ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ ಅವ್ವನೇ, "ಆಕಿ ಹಿಂದ ಓಡೂವಂಥ ಗಂಡ ಸಿಗಲಿಲ್ಲ" ಎಂದು ಮಾತು ಮುಗಿಸುತ್ತಿದ್ದಳು.

ಅವಳಿಗೆ ಗುಡ್ಡದ ಹುಚ್ಚು ಹತ್ತಿದ್ದು ಸಿಂದಗಿಯಲ್ಲಿದ್ದಾಗ. ಸಾಲಿಯ ಮಕ್ಕಳನ್ನು ಕರೆದುಕೊಂಡು ಕೊಂಕಣದ ಕಡೆ ಪ್ರವಾಸಕ್ಕೆ ಹೋದವಳು ಬಸ್ಸಿನಲ್ಲಿ ನಿದ್ದೆ ಹೋಗಿದ್ದಳಂತೆ. ಎಚ್ಚರಾದಾಗ ಕಿಟಕಿಯ ಕೆಳಗೆ ಬಹಳ ಆಳದಲ್ಲಿ, ಈಗಷ್ಟೇ ಬಸ್ಸು ದಾಟಿಬಂದ ರಸ್ತೆ ಸುತ್ತಿ ಎಸೆದ ಹಗ್ಗದಂತೆ ಬಿದ್ದಿತ್ತು. ಮಂಜು ಅದರ ಮೇಲೆ ಹರಿದುಹೋಗುತ್ತಿತ್ತು. ಇನ್ನೂ ನಿದ್ದೆಯಲ್ಲೇ ಇದ್ದೇನೆಂದುಕೊಂಡಳು. ಊರಿಗೆ ಬಂದು ನನ್ನ ಸೈಕಲ್ ರಿಪೇರಿ ಅಂಗಡಿಯ ಮುಂದಿನ ಧೂಳಿನಲ್ಲಿ ಬೆರಳಿನಿಂದ ಆ ರಸ್ತೆಯನ್ನು ಬರೆದು ತೋರಿಸಿದಳು.

"ಕನಸ ಬೀಳಾಕತ್ತೈತೋ ತಮ್ಮಾ. ನಾ ಸೈಕಲ್ ಮ್ಯಾಲ ಏರು ಏರಾಕತ್ತೇನಿ. ಕಾಲು ತುಳಿಯೂದ ಇಲ್ಲ, ಸೈಕಲ್ ತಾನ ಹೊಂಟೈತಿ. ಎಡಕ್ಕ ಮುಗಿಲು, ಬಲಕ್ಕ ಮುಗಿಲು."

"ಮುಗಿಲಾಗ ಪಂಕ್ಚರ್ ಆದ್ರ ಯಾರನ್ನ ಕರೀತಿ?" ಎಂದೆ.

"ನಿನ್ನನ್ನ ಕರೀತೇನಿ. ನೀ ಹೆಂಗೂ ಗಿರಾಕಿ ಹಾದಿ ಕಾಯ್ಕೋತ ಕುಂತಿರ್ತಿ."

ಅದಾಗಿ ಸ್ವಲ್ಪ ದಿನಕ್ಕೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಟ್ರಯಥ್ಲಾನ್ ಎಂಬುದರ ಸುದ್ದಿ ಕಳಿಸಿದಳು. ಬೆಳಗಾವಿಯಾಚೆ ಘಟ್ಟದ ಅಂಚಿನಲ್ಲಿ, ಒಂದು ಜಲಾಶಯದ ಹತ್ತಿರ. ಯಾರು ಬೇಕಾದರೂ ಹೆಸರು ಕೊಡಬಹುದು. ಅಕ್ಕ ಅವ್ವನಿಗೆ ಬಿಡಿಸಿ ಹೇಳಿದಳು.

"ಮೊದಲ ಈಜೂದು, ಆಮ್ಯಾಲ ಗುಡ್ಡದ ಮ್ಯಾಲ ಸೈಕಲ್ ಹೊಡಿಯೂದು, ಆಮ್ಯಾಲ ಓಡೂದು. ಮೂರೂ ಬೆನ್ನಿಗೆ ಬೆನ್ನಿಗೆ, ನಡುವ ಕೂಡಂಗಿಲ್ಲ."

"ಅಷ್ಟ ಹೌದಲ್ಲ?" ಎಂದಳು ಅವ್ವ. "ಎಮ್ಮಿ ತಪ್ಪಿಸಿಕೊಂಡು ಕೆರಿಗೆ ಬಿದ್ದ ದಿನ ನಾ ಮೂರೂ ಮಾಡೀನಿ. ನನಗ್ಯಾರೂ ಪದಕ ಕೊಡಲಿಲ್ಲ."

"ಸೈಕಲ್ ಎಲ್ಲಿಂದ ಬಂತವ್ವಾ?"

"ನಿಮ್ಮಪ್ಪನ ಸೈಕಲ್ ನೂಕ್ಕೋತ ಓಡಿದ್ದೆ. ಹತ್ತಾಕ ಬರತಿದ್ದಿಲ್ಲ, ಅದಕ್ಕ."

ಪುಣೆಯ ಕಡೆಯಿಂದ ಬಂದ ಒಂದು ಹಳೆಯ ಗೇರಿನ ಸೈಕಲ್ಲನ್ನು ನಾನೇ ಬಿಚ್ಚಿ, ತೊಳೆದು, ಜೋಡಿಸಿ ಕೊಟ್ಟೆ. ಬಸವನ ಬಾಗೇವಾಡಿಯ ನನ್ನ ಅಂಗಡಿಯಲ್ಲಿ ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ.

ನಮ್ಮ ನಾಡಿನಲ್ಲಿ ಏರು ಎಲ್ಲಿದೆ? ಕಣ್ಣು ಹರಿಯುವವರೆಗೂ ಜೋಳ, ತೊಗರಿ, ಕರಿನೆಲ. ಅಕ್ಕ ಏರನ್ನು ಗಾಳಿಯಲ್ಲಿ ಹುಡುಕಿಕೊಂಡಳು. ಆಷಾಢದಲ್ಲಿ ಪಡುವಣ ಗಾಳಿ ಬಿಡುವ ದಿನಗಳಲ್ಲಿ ನಸುಕಿಗೆ ಸಿಂದಗಿ ಬಿಟ್ಟು ಮೋರಟಗಿಗೆ ಹೋಗುತ್ತಿದ್ದಳು. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಒಂದು ಸಲ ನಾನು ಮೋಟಾರ್ ಸೈಕಲ್ ಮೇಲೆ ಅವಳ ಹಿಂದೆ ಹೋಗಿದ್ದೆ. ಬರುವಾಗ ಅವಳು ನಿಂತಲ್ಲೇ ನಿಂತಂತೆ ಕಾಣುತ್ತಿದ್ದಳು. ತಲೆ ಬಾಗಿದೆ, ಕಾಲು ತಿರುಗುತ್ತಿದೆ, ರಸ್ತೆ ಮಾತ್ರ ಸರಿಯುತ್ತಿಲ್ಲ. ಅಕ್ಕಪಕ್ಕದ ಹೊಲಗಳ ಎಳೆಯ ಬೆಳೆಯೆಲ್ಲ ಅವಳ ಕಡೆಗೆ ಬಾಗಿ ಬಾಗಿ ಏಳುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಕಣ್ಣು ಅರೆಮುಚ್ಚಿ ಸಣ್ಣಗೆ ನಗುತ್ತಿದ್ದಳು.

"ಗಾಳಿನ ನಮ್ಮ ಗುಡ್ಡ, ತಮ್ಮಾ" ಎಂದಳು ನೀರು ಕುಡಿಯಲು ನಿಂತಾಗ. "ನಿಂತರ ಹಿಂದಕ್ಕ ತಳ್ಳತೈತಿ, ಗುಡ್ಡನೂ ಹಂಗ ಅಂತ."

"ಎಲ್ಲಾಕಿಂತ ಹಗುರ ಗೇರು ಯಾಕ ಹಾಕವಲ್ಲಿ?"

"ಇಲ್ಲಿ ಹಾಕಿದ್ರ ಕಾಲು ಗಿರಗಿರ ತಿರಗತಾವು, ಸೈಕಲ್ ಹೋಗೂದ ಇಲ್ಲ. ಅದನ್ನ ಏರಿಗಂತ ಇಟ್ಕೊಂಡೇನಿ."

ಇದನ್ನು ನನ್ನ ಎದುರಿಗೇ ಹೇಳಿದ್ದಳು. ನಾನು ಕೇಳಿದ್ದೆ.

ಇಲ್ಲಿ ನನ್ನ ಕಸುಬಿನ ಒಂದು ರೂಢಿಯನ್ನು ಹೇಳಬೇಕು. ಗೇರಿನ ಸೈಕಲ್ಲಿಗೆ ಹಿಂದಿನ ಗಾಲಿಯಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಹಲ್ಲಿನ ಚಕ್ರಗಳು ಸಾಲಾಗಿರುತ್ತವೆ. ಚೈನು ದೊಡ್ಡ ಚಕ್ರದ ಮೇಲೆ ಕೂತರೆ ಪೆಡಲು ಹಗುರ. ಏರಿಗೆ ಬೇಕಾದದ್ದು ಅದೇ. ಸಪಾಟು ರಸ್ತೆಯ ನಮ್ಮವರಿಗೆ ಅದು ಬೇಕಾಗುವುದಿಲ್ಲ. ಬದಲಿಗೆ ಅದರಿಂದ ತೊಂದರೆಯೇ ಹೆಚ್ಚು. ಸೈಕಲ್ ಒಮ್ಮೆ ಬಿದ್ದು ಗೇರು ಸ್ವಲ್ಪ ಬಾಗಿದರೂ ಚೈನು ದೊಡ್ಡ ಚಕ್ರ ದಾಟಿ ಗಾಲಿಯ ಕಡ್ಡಿಗಳೊಳಗೆ ಸಿಕ್ಕಿ ಗಾಲಿಯನ್ನೇ ಮುರಿಯುತ್ತದೆ. ಅದಕ್ಕೆ ನಾವು ಒಂದು ಸಣ್ಣ ಸ್ಕ್ರೂ ಬಿಗಿದು, ಚೈನು ದೊಡ್ಡ ಚಕ್ರಗಳ ಕಡೆಗೆ ಹೋಗದಂತೆ ಮಾಡಿಬಿಡುತ್ತೇವೆ. ಗೇರು ಕಟ್ಟುವುದು ಎನ್ನುತ್ತೇವೆ ಅದಕ್ಕೆ. ಗಿರಾಕಿಗೆ ಹೇಳುವುದೂ ಇಲ್ಲ. ಅವನಿಗೆ ಗೊತ್ತೂ ಆಗುವುದಿಲ್ಲ.

ಸ್ಪರ್ಧೆಯ ವಾರದಲ್ಲಿ ಅಕ್ಕ ಸೈಕಲ್ ತಂದು ಬಿಟ್ಟಳು. "ಚೈನು ಒಳಗ ಬೀಳಾಕತ್ತೈತಿ, ನೋಡಿಡು." ಬಾಗಿದ್ದನ್ನು ನೆಟ್ಟಗೆ ಮಾಡಲು ಹೊತ್ತು ಬೇಕು. ಅಂಗಡಿಯ ಮುಂದೆ ಜನ ನಿಂತಿದ್ದರು. ಒಬ್ಬರೊಂದಿಗೆ ಮಾತಾಡುತ್ತ, ಇನ್ನೊಬ್ಬರ ಟ್ಯೂಬು ನೋಡುತ್ತ, ನನ್ನ ಕೈ ದಿನವೂ ಮಾಡುವುದನ್ನೇ ಮಾಡಿತು. ಸಂಜೆ ಬಂದು ಒಯ್ದಳು. ಬಜಾರದ ರಸ್ತೆಯಲ್ಲಿ ಒಂದು ಸುತ್ತು ಹಾಕಿ, "ಬೆಣ್ಣಿಯಂಗ ಹೊಕ್ಕೈತೋ" ಎಂದಳು. ನಾನು ಹಿಗ್ಗಿದೆ.

ಆ ಘಟ್ಟದ ಊರಿಗೆ ನಾನೂ ಹೋದೆ. ಬೆಳಗಿನ ಜಲಾಶಯದ ಮೇಲೆ ಹಾಲಿನಂಥ ಮಂಜು. ಆಚೆ ದಡ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಣ್ಣದ ಟೋಪಿ ಹಾಕಿಕೊಂಡ ಜನ ನೀರಿಗಿಳಿದು ಮಂಜಿನೊಳಗೆ ಒಬ್ಬೊಬ್ಬರಾಗಿ ಕರಗಿಹೋದರು. ಅವರಲ್ಲಿ ಅಕ್ಕನ ಟೋಪಿ ಯಾವುದೆಂದು ನೋಡುತ್ತ ನೋಡುತ್ತ ಅದೂ ಕರಗಿತು. ನೀರು ಬಡಿಯುವ ಸಪ್ಪಳ ಮಾತ್ರ ದೂರದಲ್ಲಿ, ಯಾರೋ ಅರಿವೆ ಒಗೆಯುತ್ತಿರುವ ಹಾಗೆ.

ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದಲ್ಲಿ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ನಾನು. ಪಕ್ಕದಲ್ಲಿ ಒಬ್ಬ ಹುಡುಗ ಮೆಕ್ಯಾನಿಕ್ ಮೇಜು ಹಾಕಿಕೊಂಡು ಕೂತಿದ್ದ. ಯಾರದೇ ಸೈಕಲ್ ಇರಲಿ, ನೋಡಿಕೊಡುವುದು ಅವನ ಕೆಲಸ. ನಸುಕಿನಲ್ಲೇ ಅವನು ಅಕ್ಕನ ಸೈಕಲ್ಲಿಗೆ ಕೈ ಹಾಕಲು ಬಂದಿದ್ದ. "ಒಮ್ಮಿ ಚೆಕ್ ಮಾಡ್ಲೇನ್ರಿ ಕಾಕಾ?" ಎಂದಿದ್ದ. "ಬ್ಯಾಡ ತಮ್ಮಾ. ನಾನ ಕಟ್ಟಿದ ಗಾಡಿ ಅದು. ನೀ ಹುಟ್ಟೂಕಿಂತ ಮೊದಲಿಂದ ನಟ್ಟು ಬಿಚ್ಚೂ ಪಾನಾ ಹಿಡದೀನಿ" ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ ನಕ್ಕಿದ್ದೆ.

ಮಂಜು ಸ್ವಲ್ಪ ಎದ್ದಿತು. ಆಕಾಶದಲ್ಲಿ ಒಂದು ಜೀಪು ದೀಪ ಹಚ್ಚಿಕೊಂಡು ಹೋಗುತ್ತಿರುವುದು ಕಂಡಿತು. ಅದು ಆಕಾಶವಲ್ಲ, ಗುಡ್ಡ. ಅವರೆಲ್ಲ ಸೈಕಲ್ ಹೊಡೆಯಬೇಕಾದ ರಸ್ತೆ. ಅಷ್ಟು ಎತ್ತರದ ರಸ್ತೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದನ್ನು ನೋಡುತ್ತಿದ್ದ ಹಾಗೇ ನನಗೆ ನನ್ನ ಕೈ ಮಾಡಿದ್ದು ನೆನಪಾಯಿತು.

ಸ್ಕ್ರೂಡ್ರೈವರ್ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಅಕ್ಕ ಇನ್ನೂ ನೀರಿನಲ್ಲಿದ್ದಳು. ಹಗ್ಗದಾಚೆ ಹೋಗುವಂತಿಲ್ಲ, ಆದರೆ ಆ ಹುಡುಗನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೈಕಲ್ ಕೈಯಳತೆಯಲ್ಲೇ ಇತ್ತು. ನಾನು ಹೇಳಲಿಲ್ಲ. ಇವನ ಮುಂದೆ ಈಗಷ್ಟೇ ಹಾಗೆ ಮಾತಾಡಿ, ಹೇಗೆ ಹೇಳಲಿ ಎಂದುಕೊಂಡೆ. ಅಕ್ಕನಲ್ಲವೇ, ಏರುತ್ತಾಳೆ ಬಿಡು ಎಂದೂ ಅಂದುಕೊಂಡೆ. ಎರಡನೆಯದನ್ನು ನಾನೇ ನಂಬಿರಲಿಲ್ಲ.

ಅವಳು ಮಂಜಿನಿಂದ ಹೊರಬಂದಳು. ತೋಯ್ದು, ತುಟಿ ನೀಲಿಯಾಗಿ, ಕಣ್ಣು ಮಾತ್ರ ಬಾವಿಯಿಂದ ಎದ್ದುಬಂದ ಹುಡುಗಿಯಂತೆ ಹೊಳೆಯುತ್ತಿತ್ತು. ಬೂಟು ಹಾಕಿಕೊಂಡು ಸೀಟಿನ ಮೇಲೆ ಎರಡು ಸಲ ತಟ್ಟಿ ನನ್ನ ಕಡೆ ನೋಡಿದಳು.

"ಎಲ್ಲಾ ಬರೋಬ್ಬರಿ ಐತೇನೋ?"

"ಬರೋಬ್ಬರಿ ಐತಿ. ಹೋಗು."

ಗುಡ್ಡದ ಮೇಲೆ ಏನಾಯಿತೆಂದು ಅವಳೇ ಆಮೇಲೆ ಬಸ್ಸಿನಲ್ಲಿ ಹೇಳಿದ್ದು. ಕಿಟಕಿಗೆ ತಲೆಯಾನಿಸಿ ನಿದ್ದೆಗಣ್ಣಿನಲ್ಲಿ ಕತೆಯಂತೆ ಹೇಳಿದಳು. ಮೊದಲ ತಿರುವಿನಲ್ಲಿ ಲಿವರ್ ಒತ್ತಿದಳಂತೆ, ಅದು ಮುಂದೆ ಹೋಗಲಿಲ್ಲ. ಅಂದರೆ ಆಗಲೇ ಕಡೆಯ ಗೇರು ಬಿದ್ದಿದೆ ಎಂದು ತಿಳಿದಳು. "ಕಡೀ ಗೇರಿನ್ಯಾಗೂ ಕಾಲು ತಿರಗವಲ್ಲವು ಅಂದ್ರ ಅದು ಕಾಲಿಂದ ತಪ್ಪು ಹೌದಲ್ಲೋ?" ಮಂಜು ರಸ್ತೆಯ ಮೇಲೆ ಅಡ್ಡ ಹಾಯುತ್ತಿತ್ತಂತೆ, ಹಕ್ಕಿಯೊಂದು ಒಂದೇ ಸಮನೆ ಕೂಗುತ್ತಿತ್ತಂತೆ. ಅವಳಿಗಿಂತ ವಯಸ್ಸಾದವರು, ದಪ್ಪಗಿದ್ದವರು, ಮಾತಾಡುತ್ತ ದಾಟಿ ಹೋದರಂತೆ. ಎದ್ದು ನಿಂತು ತುಳಿದಳು. ಇಳಿದು ನೂಕಿದಳು. ಮತ್ತೆ ಹತ್ತಿದಳು. ತುದಿ ಕಾಣುವಷ್ಟು ಹತ್ತಿರ ಹೋದಾಗ ಹಿಂದಿನಿಂದ ಜೀಪು ಬಂದು, ಹೊತ್ತು ಮೀರಿತು ಎಂದು ಎದೆಯ ಮೇಲಿನ ನಂಬರು ಬಿಚ್ಚಿಕೊಂಡರು.

ಜೀಪಿನಲ್ಲಿ ಕೆಳಗೆ ಬಂದವಳು ಅಳಲಿಲ್ಲ. ಬೂಟು ಬಿಚ್ಚಿಟ್ಟು, ಕುರ್ಚಿ ಎತ್ತಿಡುತ್ತಿದ್ದವನನ್ನು ಕೇಳಿದಳು, "ನೀರಿಗೆ ಇಳೀಲೇನ್ರಿ?"

"ಸ್ಪರ್ಧೆ ಮುಗದೈತ್ರಿ ಮೇಡಂ."

"ಸ್ಪರ್ಧೆಗಲ್ರಿ. ಸುಮ್ನ."

ಅಕ್ಕ ಜಲಾಶಯದಲ್ಲಿ ಅಂಗಾತ ಮಲಗಿ ಬಹಳ ಹೊತ್ತು ತೇಲಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ಅಲ್ಲಿ ಕಲ್ಲಿನ ಗೋಡೆ ಇರಲಿಲ್ಲ, ಏನೆಂದಳೋ ದಡದ ಮೇಲಿದ್ದ ನನಗೆ ಕೇಳಲಿಲ್ಲ.

ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ ಆ ಸ್ಕ್ರೂ ಸಡಿಲಿಸಿ, ಬಾಗಿದ್ದನ್ನು ನೆಟ್ಟಗೆ ಮಾಡಿದ್ದು. ತೊಳೆದಿಡುತ್ತೇನೆ ಎಂದು ಹೇಳಿ ಅವಳ ಕೈಯಿಂದ ಸೈಕಲ್ ಇಸಿದುಕೊಂಡಿದ್ದೆ. ಮರುದಿನ ಅವಳು ಹತ್ತಿ ನೋಡಿದಾಗ ಎಲ್ಲ ಗೇರುಗಳೂ ಸರಿಯಾಗಿ ಬಿದ್ದವು. ಅಲ್ಲಿಗೆ ಅವಳ ಕಾಲಿನ ಮೇಲಿನ ಆರೋಪ ಪೂರ್ತಿಯಾಯಿತು. ತಪ್ಪು ಮಾಡಿದ್ದಕ್ಕಿಂತ ಅದನ್ನು ಅಷ್ಟು ಚೊಕ್ಕಟವಾಗಿ ಅಳಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ.

ಅಲ್ಲಿಂದ ಮುಂದೆ ಅವಳು ಸ್ಪರ್ಧೆಯ ಮಾತೆತ್ತಲಿಲ್ಲ. ಮುದ್ದೇಬಿಹಾಳಕ್ಕೆ ವರ್ಗವಾಯಿತು. ಸಾಲಿಗೆ ಸೈಕಲ್ ಮೇಲೇ ಹೋಗುತ್ತಿದ್ದಳು, ಗಾಳಿ ಬಿಡುವ ದಿನ ಮಾತ್ರ ಬಸ್ಸು ಹಿಡಿಯುತ್ತಿದ್ದಳು. ಕರೀ ಮಣ್ಣಿನ ಕಾಲಿನ ಮಾತು ಹುಟ್ಟಿದ್ದು ಆಗಲೇ. ಭೇಟಿಗೆ ಬಂದ ಹಳೆಯ ಹುಡುಗಿಯರಿಗೂ ಅದನ್ನೇ ಹೇಳಿ ನಗಿಸುತ್ತಿದ್ದಳು. ನಾನೂ ಅವರೊಂದಿಗೆ ನಗುತ್ತಿದ್ದೆ. ಹಾಗೆ ವರ್ಷಗಳು ಹೋದವು. ಎದೆಯ ನೋವು ಶುರುವಾಗಿ ಅವಳು ಡಾಕ್ಟರ ಕಡೆ ತಿರುಗತೊಡಗಿದಳು.

ಒಂದು ದಿನ ಹೂವಿನ ಹಿಪ್ಪರಗಿಯ ಒಬ್ಬ ಗಿರಾಕಿ ಟೈರು ಹಾಕಿಸಲು ಬಂದ. ಅವನ ಮಗಳು ಮುದ್ದೇಬಿಹಾಳದಲ್ಲಿ ಅಕ್ಕನ ಕೈಯಲ್ಲಿ ಕಲಿಯುತ್ತಿದ್ದಳು. ಸೈಕಲ್ಲಿನಲ್ಲಿ ಗಾಳಿಯಂಥವಳು. ಅವಳಿಗೆ ಘಟ್ಟದ ಕಡೆಯ ಒಂದು ಸ್ಪರ್ಧೆಗೆ ಕರೆ ಬಂದಿತ್ತಂತೆ.

"ಕಳಸಾಕತ್ತೀರೇನು ಮತ್ತ?" ಎಂದೆ.

"ಇಲ್ರಿ. ಅಕ್ಕೋರು ಬ್ಯಾಡ ಅಂದ್ರು. ಏರು ನಮ್ಮಂಥವರಿಗಲ್ಲ, ಸುಮ್ನ ಹುಡುಗಿ ಮನಸ ಮುರೀತೈತಿ ಅಂದ್ರು. ಅವರು ಅಂದ ಮ್ಯಾಲ ಮುಗೀತು."

ಟೈರನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಆ ಮನುಷ್ಯ ಏನೆಂದುಕೊಂಡನೋ. ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಅಕ್ಕ ಬಾಗಿಲಲ್ಲಿ ಕೂತು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ನೀರನ್ನೂ ಕುಡಿಯದೆ ಹೇಳಿದೆ.

"ಅಕ್ಕಾ, ಅವತ್ತ ನಿನ್ನ ಕಾಲು ಸೋತಿರಲಿಲ್ಲ. ಗೇರು ಕಟ್ಟಿದ್ದೆ ನಾ."

ಅವಳಿಗೆ ತಿಳಿಯಲಿಲ್ಲ. ಮೊದಲಿನಿಂದ ಹೇಳಿದೆ. ಸ್ಕ್ರೂ ಬಿಗಿದದ್ದು, ಹಗ್ಗದ ಹತ್ತಿರ ನೆನಪಾದದ್ದು, ಬರೋಬ್ಬರಿ ಐತಿ ಎಂದದ್ದು, ಊರಿಗೆ ಬಂದು ಸಡಿಲಿಸಿದ್ದು, ಇವತ್ತು ಆ ಹುಡುಗಿಯ ಅಪ್ಪ ಬಂದು ಹೇಳಿದ್ದು. ಅವಳ ಬೆರಳುಗಳು ಶೇಂಗಾ ಸುಲಿಯುವುದನ್ನು ಬಿಡಲಿಲ್ಲ.

"ಎಷ್ಟ ಚಕ್ರ ಕಟ್ಟಿದ್ದಿ?"

"ದೊಡ್ಡವು ಮೂರು."

"ಅಂದ್ರ ನಾ ನಡುವಿನ ಗೇರಿನ್ಯಾಗ ಆ ಗುಡ್ಡ ಏರೀನಿ" ಎಂದಳು. "ಜೀಪು ಬಂದಾಗ ತುದಿ ಕಾಣಾಕತ್ತಿತ್ತು. ನಡುವಿನ ಗೇರಿನ್ಯಾಗ."

ಕಾಲು ಚಾಚಿ ತನ್ನ ಮೊಣಕಾಲುಗಳನ್ನು ಎರಡೂ ಅಂಗೈಯಿಂದ ಸವರಿಕೊಂಡಳು. ಮುಖದಲ್ಲಿ ನಗು ಮೆಲ್ಲಗೆ, ಬಾವಿಯಲ್ಲಿ ನೀರೇರುವ ಹಾಗೆ ಏರಿತು. ನಾನೂ ನಕ್ಕೆ. ಎಲ್ಲ ಮುಗಿಯಿತು, ಇಷ್ಟು ಸುಲಭವಿತ್ತೇ ಎಂದುಕೊಂಡೆ.

ಅವಳ ನಗು ಅಲ್ಲೇ ನಿಂತಿತು.

"ಊರಿಗೆ ಬಂದ ಮ್ಯಾಲರ ಹೇಳಬೇಕಿತ್ತಲ್ಲೋ."

"ಅಂಜಿದೆ."

"ನೀ ಅಂಜಿದಿ." ಮೊರವನ್ನು ಪಕ್ಕಕ್ಕೆ ಸರಿಸಿದಳು. "ಮರುವರ್ಷ ನಾ ಹೋಗತಿದ್ನಲ್ಲೋ ತಮ್ಮಾ. ಅದರ ಮರುವರ್ಷನೂ ಹೋಗತಿದ್ದೆ. ಈಗ ಬಂದು ಹೇಳಾಕತ್ತಿ. ಡಾಕ್ಟರ್ ಮಾಳಿಗಿ ಮೆಟ್ಟಲಾನೂ ಏರಬ್ಯಾಡ ಅಂದಾನ."

ಅಲ್ಲಿಯವರೆಗೆ ನಾನು ಅವಳಿಂದ ಒಂದು ಗುಡ್ಡ ಕಸಿದಿದ್ದೆ ಎಂದು ತಿಳಿದಿದ್ದೆ. ಲೆಕ್ಕ ಅದಲ್ಲ ಎಂದು ಗೊತ್ತಾದದ್ದು ಆಗ.

"ಆ ಹುಡುಗಿಗೆ ಫೋನ್ ಹಚ್ಚು" ಎಂದಳು. ಹಚ್ಚಿಕೊಟ್ಟೆ. "ಹೋಗವ್ವಾ ನೀ. ನಾ ಹೇಳಿದ್ದು ಮರತಬಿಡು. ನನಗ ಗೊತ್ತಿದ್ದಿಲ್ಲ." ಇಷ್ಟೇ ಹೇಳಿದಳು. ನನ್ನ ಹೆಸರು ಹೇಳಲಿಲ್ಲ. ಫೋನು ತಿರುಗಿ ಕೊಟ್ಟು, "ರೊಟ್ಟಿ ತಿಂದು ಹೋಗು" ಎಂದು ಒಳಗೆ ಹೋದಳು.

ನಿವೃತ್ತಿಯಾದ ಮೇಲೆ ಬಸವನ ಬಾಗೇವಾಡಿಗೇ ಬಂದು, ನಮ್ಮ ಓಣಿಯ ಹಿಂದಿನ ಓಣಿಯಲ್ಲಿ ಮನೆ ಮಾಡಿದಳು. ನನ್ನ ಮಕ್ಕಳಿಗೆ ಲಾಡು ತರುತ್ತಿದ್ದಳು. ಅವ್ವನ ವರ್ಷದ ತಿಥಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಉಂಡಳು. ಬೈಯಲಿಲ್ಲ, ಆ ಮಾತು ಮತ್ತೆ ತೆಗೆಯಲಿಲ್ಲ. ಆದರೆ ಸೈಕಲ್ಲನ್ನು ನನ್ನ ಅಂಗಡಿಗೆ ತರುವುದನ್ನು ಬಿಟ್ಟಳು. ಸಂತೆಗೆ ಹೋಗುವಾಗ ನನ್ನ ಮುಂದೆಯೇ ನಿಧಾನ ತುಳಿಯುತ್ತ ಹೋಗುತ್ತಿದ್ದಳು, ಕೈ ಎತ್ತುತ್ತಿದ್ದಳು. ಒಮ್ಮೆ ತಡೆಯದೆ ಕೇಳಿದೆ.

"ಬ್ರೇಕ್ ಸಪ್ಪಳ ಮಾಡಾಕತ್ತೈತಿ ಅಕ್ಕಾ. ಬಿಟ್ಟು ಹೋಗು, ನೋಡಿಡ್ತೇನಿ."

"ಇರಲಿ ಬಿಡೋ" ಎಂದು ನಕ್ಕಳು. ಆ ಸಪ್ಪಳ ರಸ್ತೆ ದಾಟಿ, ಎದುರು ಸಾಲಿನ ಹೊಸ ಸೈಕಲ್ ಅಂಗಡಿಯ ಮುಂದೆ ನಿಂತಿತು.

ಈಗ ನನಗೆ ಕನಸು ಬೀಳುತ್ತವೆ. ಅಕ್ಕ ಏರು ಏರುತ್ತಿರುತ್ತಾಳೆ, ಕಾಲು ತುಳಿಯುತ್ತಿರುವುದಿಲ್ಲ. ನಾನು ಹಾದಿ ಕಾಯುತ್ತ ಕೂತಿರುತ್ತೇನೆ, ಅವಳು ಕರೆಯುವುದಿಲ್ಲ.

ಮೊನ್ನೆ ಎದುರು ಅಂಗಡಿಯವನು ಒಂದು ಪಾನಾ ಕೇಳಿಕೊಂಡು ಬಂದ. ನನ್ನ ಅಂಗಡಿಯಲ್ಲಿ ಆಗ ಇಬ್ಬರು ಮೂವರು ಗಿರಾಕಿಗಳಿದ್ದರು. ಪಾನಾ ಹುಡುಕುತ್ತಿದ್ದ ನನ್ನ ಹಿಂದೆ ನಿಂತು ಅವನು ಹಾಗೇ ಮಾತು ತೆಗೆದ.

"ಅಕ್ಕೋರದ್ದೊಂದು ನನಗ ತಿಳೀಲಿಲ್ಲ ನೋಡ್ರಿ ಅಣ್ಣಾರ. ಬರೇ ಗಾಳಿ ಹೊಡಸಾಕ ಬಂದ್ರೂ ಹಿಂದಿನ ಗಾಲಿ ಎತ್ತಸ್ತಿದ್ರು. ಚೈನು ದೊಡ್ಡ ಚಕ್ರದ ಮ್ಯಾಲ ಹೋಗಿ ಕೂಡೂತನಕ ನನ್ನ ಕಡೆಯಿಂದ ಪೆಡಲ್ ತಿರಗಸಿ, ಕಣ್ಣಿಲೆ ನೋಡಿ ಹೋಗತಿದ್ರು. ಈ ಸಪಾಟ ಊರಾಗ ಅದ್ಯಾತಕ್ಕ ಬೇಕು? ಕೇಳಿದ್ರ ನಕ್ಕು ಸುಮ್ನಾಗತಿದ್ರು. ನಿಮಗೇನರ ಗೊತ್ತೇನ್ರಿ?"

ಗಿರಾಕಿಗಳು ನನ್ನ ಕಡೆ ನೋಡಿದರು. ಪಾನಾ ಕೈಗೆ ಸಿಕ್ಕಿತು. ಎಣ್ಣೆ ಒರೆಸಿ ಅವನಿಗೆ ಕೊಟ್ಟೆ.

"ಇಲ್ರಿ, ನನಗೇನೂ ಗೊತ್ತಿಲ್ಲ" ಎಂದೆ.